ಮಾವಿನ ತೋಟದ ಉಳುಮೆ: ಎಲ್ಲಿ, ಎಷ್ಟು ಆಳ?

ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆ ಮಾವಿನ ಕೊಯ್ಲು ಮುಗಿಯುತ್ತಲೇ ತೋಟಗಳಿಗೆ ಟ್ರ್ಯಾಕ್ಟರ್ ಇಳಿಯುತ್ತದೆ. ಈ ಉಳುಮೆ ಬೇಕೇ ಬೇಕು. ಮಳೆಹನಿಯ ಹೊಡೆತಕ್ಕೆ ಕೆಂಪು ಮಣ್ಣಿನ ಮೇಲ್ಪದರ ಹೆಪ್ಪುಗಟ್ಟುತ್ತದೆ. ಅದನ್ನು ಒಡೆಯದಿದ್ದರೆ ನೀರು ಇಂಗದೆ ಹರಿದುಹೋಗುತ್ತದೆ. ಉಳುಮೆ ಇಳಿಜಾರಿಗೆ ಅಡ್ಡಲಾಗಿರಬೇಕು.

ಆದರೆ ಮರದ ಬುಡದವರೆಗೂ ಒಂದೇ ಆಳಕ್ಕೆ ಉಳುವುದು ತಪ್ಪು. ಮಾವಿನ ತಾಯಿಬೇರು ಆಳಕ್ಕೆ ಇಳಿಯುವುದೇನೋ ನಿಜ. ಆದರೆ ಆಹಾರ ಹೀರುವ ಸಣ್ಣ ಬೇರುಗಳಲ್ಲಿ ಹೆಚ್ಚಿನವು ಮೇಲ್ಪದರದಲ್ಲೇ ಹರಡಿರುತ್ತವೆ. ನೇಗಿಲು ಇವನ್ನು ಕಡಿದರೆ ಹಾಕಿದ ಗೊಬ್ಬರ ಮರಕ್ಕೆ ದಕ್ಕುವುದಿಲ್ಲ. ಗಾಯಗಳ ಮೂಲಕ ರೋಗಾಣುಗಳೂ ಒಳಸೇರಬಹುದು. "ಮರ ದೊಡ್ಡದು, ಏನೂ ಆಗುವುದಿಲ್ಲ" ಎನ್ನುವ ರೈತರುಂಟು. ಬೇರು ಕಡಿದದ್ದು ಅಂದೇ ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ. ಸಾಲುಗಳ ನಡುವೆ ಮಾತ್ರ ನೇಗಿಲು ಹೊಡೆದು, ಕೊಂಬೆಗಳ ನೆರಳಿನೊಳಗೆ ಗುದ್ದಲಿಯಿಂದ 5–8 ಸೆಂ.ಮೀ. ಕೆದಕಿದರೆ ಸಾಕು.

ಹೀಗೆ ಕೆದಕುವುದರಿಂದ ಇನ್ನೊಂದು ಲಾಭವೂ ಇದೆ. ಹಣ್ಣಿನ ನೊಣದ ಮರಿಹುಳುಗಳು ಉದುರಿದ ಹಣ್ಣಿನಿಂದ ಹೊರಬಂದು ಮೇಲ್ಮಣ್ಣಿನಲ್ಲೇ ಕೋಶಾವಸ್ಥೆ ಕಳೆಯುತ್ತವೆ. ಮಣ್ಣು ತಿರುವಿದಾಗ ಕೋಶಗಳು ಬಿಸಿಲಿಗೂ ಹಕ್ಕಿಗಳಿಗೂ ಸಿಕ್ಕಿ ನಾಶವಾಗುತ್ತವೆ. ಉದುರಿದ ಹಣ್ಣುಗಳನ್ನು ಮಾತ್ರ ಮೊದಲೇ ಆರಿಸಿ ಆಳವಾಗಿ ಹೂಳಬೇಕು.

ಎರಡನೆಯ ಸಲ ಅಕ್ಟೋಬರ್–ನವೆಂಬರ್‌ನಲ್ಲಿ ಮಳೆ ಕಡಿಮೆಯಾಗುತ್ತಲೇ ಸಾಲುಗಳ ನಡುವೆ ಕುಂಟೆಯಿಂದ ಹಗುರವಾಗಿ ಹರಗಬೇಕು. ಕಳೆ ಸಾಯುತ್ತದೆ, ತೇವ ಉಳಿಯುತ್ತದೆ. ಆ ಬಳಿಕ ಹೂ ಬಿಟ್ಟು ಕಾಯಿ ಕಚ್ಚುವವರೆಗೆ ತೋಟದ ಮಣ್ಣನ್ನು ಕದಡಬಾರದು.