ಕಪ್ಪು ಮೈಗೂ ಬಿಸಿಲಿನ ಭಯ ಬೇಕೆ?

ಪ್ರಶ್ನೆ: ನಮ್ಮದು ಮರಿಕಲ್ ಹತ್ತಿರದ ಹಳ್ಳಿ. ಹತ್ತಿ, ತೊಗರಿ, ಭತ್ತದ ಹೊಲದಲ್ಲಿ ವರ್ಷವಿಡೀ ಬಿಸಿಲಲ್ಲೇ ದುಡಿಮೆ. ಬಿಸಿಲಿಗೆ ಚರ್ಮದ ಕ್ಯಾನ್ಸರ್ ಬರುತ್ತದೆ, ದಿನಾ ಸನ್‌ಸ್ಕ್ರೀನ್ ಹಚ್ಚಬೇಕು ಎಂದು ಫೋನಿನಲ್ಲಿ ವಿಡಿಯೊ ಬರುತ್ತಿವೆ. ನಮ್ಮಂಥ ಕಪ್ಪು ಮೈಯವರಿಗೂ ಅದು ಬರುತ್ತದೆಯೆ? ಕೂಲಿ ಮಾಡುವವರು ಆ ಕ್ರೀಮು ಎಲ್ಲಿಂದ ತರಬೇಕು? ನಮ್ಮ ತಂದೆಯ ಅಂಗಾಲಿನಲ್ಲಿ ಒಂದು ಕಪ್ಪು ಮಚ್ಚೆ ಈಚೆಗೆ ದೊಡ್ಡದಾಗುತ್ತಿದೆ. ಅದೂ ಬಿಸಿಲಿನದೆ?

— ಓದುಗರೊಬ್ಬರು, ಮರಿಕಲ್, ನಾರಾಯಣಪೇಟೆ ಜಿಲ್ಲೆ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ತುರ್ತಿನದು. ಆದ್ದರಿಂದ ಮೊದಲು ಅದಕ್ಕೇ ಉತ್ತರ.

ಅಂಗಾಲಿನ ಮಚ್ಚೆ ಬೆಳೆಯುತ್ತಿದೆ ಎಂದರೆ ತಡಮಾಡದೆ, ಈ ವಾರವೇ ಚರ್ಮದ ವೈದ್ಯರಿಗೆ ತೋರಿಸಿ. ಅದು ಕ್ಯಾನ್ಸರೇ ಎಂದು ನಾನು ಹೇಳುತ್ತಿಲ್ಲ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಹುಟ್ಟಿನ ಮಚ್ಚೆ ಇರಬಹುದು, ಮುಳ್ಳು ಮುರಿದು ಕೂತಿರಬಹುದು. ಆದರೆ ಕಪ್ಪು ಮೈಬಣ್ಣದವರಲ್ಲಿ ಮೆಲನೋಮ ಎಂಬ ಅತಿ ಅಪಾಯದ ಚರ್ಮದ ಕ್ಯಾನ್ಸರು ಹೆಚ್ಚಾಗಿ ಕಾಣಿಸಿಕೊಳ್ಳುವುದು ಅಂಗಾಲು, ಅಂಗೈ ಮತ್ತು ಉಗುರಿನ ಬುಡದಲ್ಲಿ. ಅಂಗಾಲಿಗೆ ಬಿಸಿಲು ತಾಗುವುದೇ ಇಲ್ಲ, ಹಾಗಾಗಿ ಆ ಜಾಗದ ಮೆಲನೋಮಕ್ಕೆ ಬಿಸಿಲು ಮುಖ್ಯ ಕಾರಣವಲ್ಲ. ಜಮೈಕಾದ ಹೆಸರಾಂತ ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಕಾಲಿನ ಹೆಬ್ಬೆರಳ ಉಗುರಿನಡಿ ಪತ್ತೆಯಾದದ್ದು ಇದೇ ರೋಗ. 1981ರಲ್ಲಿ, 36ರ ಹರೆಯದಲ್ಲಿ, ಅದು ಮೈಗೆಲ್ಲ ಹಬ್ಬಿ ಅವರು ತೀರಿಕೊಂಡರು.

ಮಚ್ಚೆಯ ಎರಡು ಅರ್ಧಗಳು ಒಂದೇ ಥರ ಇಲ್ಲದಿರುವುದು, ಅಂಚು ಹರಕುಮುರುಕಾಗಿರುವುದು, ಒಂದೇ ಮಚ್ಚೆಯಲ್ಲಿ ಕಪ್ಪು, ಕಂದು, ನೀಲಿ ಬೆರೆತಿರುವುದು, 6 ಮಿಲಿಮೀಟರಿಗಿಂತ ಅಗಲವಾಗಿರುವುದು, ತಿಂಗಳಿಂದ ತಿಂಗಳಿಗೆ ಬದಲಾಗುವುದು: ಇವು ಎಚ್ಚರಿಕೆಯ ಗುರುತುಗಳು. ಇವುಗಳಲ್ಲಿ ಕೊನೆಯದೇ ಮುಖ್ಯ. ಉಗುರಿನಲ್ಲಿ ಉದ್ದಕ್ಕೆ ಕಂದು ಗೆರೆಗಳು ನಮ್ಮ ಜನರಲ್ಲಿ ಸಾಮಾನ್ಯ, ಹಲವು ಬೆರಳುಗಳಲ್ಲಿದ್ದರೆ ಸಾಧಾರಣವಾಗಿ ಹೆದರಬೇಕಿಲ್ಲ. ಒಂದೇ ಬೆರಳಿನಲ್ಲಿ ಹೊಸದಾಗಿ ಬಂದು ಅಗಲವಾಗುತ್ತಿದ್ದರೆ, ಅಥವಾ ಬಣ್ಣ ಉಗುರು ದಾಟಿ ಸುತ್ತಲಿನ ಚರ್ಮಕ್ಕೂ ಹರಡಿದ್ದರೆ ತೋರಿಸಲೇಬೇಕು.

ಒಂದು ಕೆಲಸ ಮಾತ್ರ ಮಾಡಬೇಡಿ. ಆಣಿ ಎಂದುಕೊಂಡು ಬ್ಲೇಡಿನಿಂದ ಕೊಯ್ಯುವುದು, ಸುಣ್ಣ ಹಚ್ಚುವುದು, ಸುಡಿಸುವುದು ನಮ್ಮ ಕಡೆ ರೂಢಿಯಲ್ಲಿದೆ. ಅದರಿಂದ ರೋಗ ಮರೆಯಾಗುತ್ತದೆ, ವಾಸಿಯಾಗುವುದಿಲ್ಲ. ವೈದ್ಯರು ತುಣುಕು ತೆಗೆದು ಪರೀಕ್ಷೆಗೆ ಕಳಿಸುತ್ತೇವೆ ಎಂದರೆ ಒಪ್ಪಿಕೊಳ್ಳಿ. ಕತ್ತಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಮಾತು ಸುಳ್ಳು. ಆ ಪರೀಕ್ಷೆ ಇಲ್ಲದೆ ರೋಗವನ್ನು ಖಚಿತಪಡಿಸಲು ಬೇರೆ ದಾರಿ ಇಲ್ಲ. ನಿಮಗೆ ನಾರಾಯಣಪೇಟೆಯ ಜಿಲ್ಲಾ ಆಸ್ಪತ್ರೆ ಇದೆ. ಪೂರ್ವಕ್ಕೆ ಮಹಬೂಬ್‌ನಗರದ ಸರ್ಕಾರಿ ವೈದ್ಯಕೀಯ ಕಾಲೇಜು, ಕೃಷ್ಣೆ ದಾಟಿದರೆ ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ರಿಮ್ಸ್. ಕ್ಯಾನ್ಸರೆಂದು ಖಚಿತವಾದರೆ ಹೈದರಾಬಾದಿನ ಎಂ.ಎನ್.ಜೆ. ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಇದೆ.

ಇನ್ನು ನಿಮ್ಮ ಮೊದಲ ಪ್ರಶ್ನೆ. ಕಪ್ಪು ಮೈಯವರಿಗೆ ಬಿಸಿಲಿನಿಂದ ಚರ್ಮದ ಕ್ಯಾನ್ಸರ್ ಬರುತ್ತದೆಯೆ? ಬರಬಹುದು, ಆದರೆ ಬಹಳ ಅಪರೂಪ. ಆಸ್ಟ್ರೇಲಿಯಾದಲ್ಲಿ 70 ವರ್ಷ ತುಂಬುವುದರೊಳಗೆ ಮೂವರಲ್ಲಿ ಇಬ್ಬರಿಗೆ ಯಾವುದಾದರೊಂದು ಬಗೆಯ ಚರ್ಮದ ಕ್ಯಾನ್ಸರ್ ಪತ್ತೆಯಾಗುತ್ತದೆ. ಭಾರತದ ಒಟ್ಟು ಕ್ಯಾನ್ಸರುಗಳಲ್ಲಿ ಚರ್ಮದ್ದು ಶೇ 1ರ ಆಸುಪಾಸು. ಆಸ್ಟ್ರೇಲಿಯಾದ ಹೆಚ್ಚಿನವರದ್ದು ತಣ್ಣನೆಯ ಯುರೋಪಿನಿಂದ ಹೋಗಿ ನೆಲೆಸಿದ ಬಿಳಿ ಚರ್ಮ. ನಮ್ಮದು ಸಾವಿರಾರು ವರ್ಷ ಇದೇ ಬಿಸಿಲಿನಲ್ಲಿ ಬೆಳೆದು ಬಂದದ್ದು.

ಬಿಸಿಲಿನ ಅತಿನೇರಳೆ ಕಿರಣಗಳು ಚರ್ಮದ ಜೀವಕೋಶಕ್ಕೆ ನುಗ್ಗಿ, ಅದರ ನಡುವಿನ ಡಿಎನ್‌ಎ ಎಳೆಗಳನ್ನು ಕೆಡಿಸುತ್ತವೆ. ದೇಹ ಅದನ್ನು ದಿನವೂ ರಿಪೇರಿ ಮಾಡುತ್ತಲೇ ಇರುತ್ತದೆ. ರಿಪೇರಿಯಾಗದೆ ಉಳಿದ ತಪ್ಪುಗಳು ವರ್ಷಗಟ್ಟಲೆ ಕೂಡಿಕೊಂಡಾಗ ಕೋಶ ಹತೋಟಿ ತಪ್ಪಿ ಬೆಳೆಯುತ್ತದೆ. ಅದೇ ಕ್ಯಾನ್ಸರ್. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಪ್ರತಿ ಕೋಶದ ಡಿಎನ್‌ಎ ಮೇಲೆ ಕೊಡೆ ಹಿಡಿದಂತೆ ನಿಲ್ಲುತ್ತದೆ. ಕಪ್ಪು ಬಣ್ಣ ಕುಂದಲ್ಲ, ಕಾವಲು. ಮಗಳನ್ನು ಬೆಳ್ಳಗೆ ಮಾಡುವ ಹಂಬಲದಲ್ಲಿರುವ ಎಲ್ಲ ತಂದೆತಾಯಿಯರಿಗೂ ಇದನ್ನು ಗಟ್ಟಿಯಾಗಿ ಹೇಳಬೇಕಿದೆ. ಮೆಡಿಕಲ್ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಳ್ಳುವ ಬೆಳ್ಳಗಾಗಿಸುವ ಕ್ರೀಮುಗಳಲ್ಲಿ ಹಲವು ಬಾರಿ ಸ್ಟೀರಾಯ್ಡ್ ಇರುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ, ಕೆಂಪಗಾಗಿ, ಬಿಸಿಲು ತಾಳದಂತಾಗುತ್ತದೆ. ಇದ್ದ ಕಾವಲನ್ನೂ ನಾವೇ ಕಿತ್ತು ಹಾಕಿದಂತೆ.

ಹಾಗೆಂದು ಬಿಸಿಲು ನಿಮಗೇನೂ ಮಾಡುವುದಿಲ್ಲ ಎಂದಲ್ಲ. ಕೆನ್ನೆಯ ಬಂಗು, ಕತ್ತಿನ ಹಿಂದೆ ಗೀರುಬಿದ್ದು ದಪ್ಪಗಾದ ಚರ್ಮ, ಒಡೆದು ಸಿಪ್ಪೆಯೇಳುವ ಕೆಳತುಟಿ, ಕಣ್ಣಿನ ಬಿಳಿಭಾಗದಿಂದ ಕಪ್ಪುಗುಡ್ಡೆಯ ಮೇಲೆ ಬೆಳೆಯುವ ಮಾಂಸದ ಪೊರೆ, ಬೇಗ ಬರುವ ಮೋತಿಬಿಂದು, ಇವುಗಳಲ್ಲೆಲ್ಲ ಬಿಸಿಲಿನ ಪಾಲಿದೆ. ಹೊಲದ ಬದುವಿನ ಕಾಂಗ್ರೆಸ್ ಕಸದಿಂದ ಮುಖ, ಕತ್ತು, ಮೊಣಕೈ ಮಡಿಕೆಗಳಲ್ಲಿ ಏಳುವ ಕಜ್ಜಿಯನ್ನು ಬಹಳ ಮಂದಿ ಬಿಸಿಲಿನ ಅಲರ್ಜಿ ಎಂದುಕೊಳ್ಳುತ್ತಾರೆ. ಅದಕ್ಕೆ ಔಷಧ ಬೇರೆ, ಮತ್ತು ಗಿಡದಿಂದ ದೂರವಿರುವುದೇ ದಾರಿ.

ಇನ್ನು ಬಿಸಿಲು ಯಾವಾಗ ಜೋರು ಎಂಬುದು. ಮರಿಕಲ್, ಮಕ್ತಲ್, ಗದ್ವಾಲ್ ಇರುವುದು ಉತ್ತರ ಅಕ್ಷಾಂಶ 16ರಿಂದ 17 ಡಿಗ್ರಿಯ ನಡುವೆ. ಸೂರ್ಯ ನಿಮ್ಮ ನೆತ್ತಿಯ ಮೇಲೆ ನೇರವಾಗಿ ಬರುವುದು ವರ್ಷಕ್ಕೆ ಎರಡು ಸಲ, ಮೇ ಮೊದಲ ವಾರದ ಹೊತ್ತಿಗೊಮ್ಮೆ, ಆಗಸ್ಟ್ ಮೊದಲ ವಾರದ ಹೊತ್ತಿಗೊಮ್ಮೆ. ಮೇ ತಿಂಗಳ ಉರಿಗೆ ಎಲ್ಲರೂ ನೆರಳು ಹುಡುಕುತ್ತಾರೆ. ಆಗಸ್ಟಿನಲ್ಲಿ ಮೋಡ, ತಂಗಾಳಿ, ಹತ್ತಿಯ ಹೊಲದಲ್ಲಿ ಕಳೆ ತೆಗೆಯುವ ಅವಸರ, ಯಾರೂ ತಲೆಗೆ ಬಟ್ಟೆ ಹಾಕಿಕೊಳ್ಳುವುದಿಲ್ಲ. ಆದರೆ ಅತಿನೇರಳೆ ಕಿರಣಕ್ಕೂ ಸೆಕೆಗೂ ಸಂಬಂಧವಿಲ್ಲ. ತೆಳು ಮೋಡದಲ್ಲಿ ಅದರ ಬಹುಪಾಲು ಹಾದುಬರುತ್ತದೆ. ಅದನ್ನು ಅಳೆಯಲು ಯಂತ್ರ ಬೇಕಿಲ್ಲ, ನಿಮ್ಮ ನೆರಳು ಸಾಕು. ನೆರಳು ನಿಮಗಿಂತ ಗಿಡ್ಡವಾಗಿದೆ ಎಂದರೆ ಕಿರಣ ಜೋರಾಗಿದೆ ಎಂದರ್ಥ. ನಿಮ್ಮ ಊರಿನಲ್ಲಿ ಸೂರ್ಯನ ನಡುಹಗಲು ಗಡಿಯಾರದ 12 ಗಂಟೆಗಲ್ಲ, ಸುಮಾರು 12.20ಕ್ಕೆ. ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ಜೋಪಾನವಾಗಿರಬೇಕು.

ಈಗ ಕ್ರೀಮಿನ ಮಾತು. ಸನ್‌ಸ್ಕ್ರೀನ್ ನಿಜಕ್ಕೂ ಕೆಲಸ ಮಾಡುತ್ತದೆ. ಆಸ್ಟ್ರೇಲಿಯಾದ ನ್ಯಾಂಬರ್ ಪಟ್ಟಣದಲ್ಲಿ 1992ರಲ್ಲಿ ಆರಂಭವಾದ ಅಧ್ಯಯನದಲ್ಲಿ 1,600ಕ್ಕೂ ಹೆಚ್ಚು ಜನ ಇದ್ದರು. ದಿನವೂ ಹಚ್ಚಿದವರಲ್ಲಿ ಒಂದು ಬಗೆಯ ಚರ್ಮದ ಕ್ಯಾನ್ಸರ್ ಶೇ 40ರಷ್ಟು ಕಡಿಮೆಯಾಯಿತು. ಆದರೆ ಅದು ಅವರ ಚರ್ಮಕ್ಕೆ ಸಿಕ್ಕ ಉತ್ತರ. ಹೊಲದಲ್ಲಿ ಬೆವರಿ ದುಡಿಯುವವರು ಎರಡು ಗಂಟೆಗೊಮ್ಮೆ ಮೈಯೆಲ್ಲ ಹಚ್ಚಿಕೊಳ್ಳಲು ಕೂಲಿಯ ದುಡ್ಡು ಸಾಲದು, ಅದರ ಅಗತ್ಯವೂ ಇಲ್ಲ. ಬಂಗು ಇರುವವರು, ವೈದ್ಯರು ಹೇಳಿದವರು ಮುಖಕ್ಕೆ ಎಸ್‌ಪಿಎಫ್ 30ರದ್ದು ಹಚ್ಚಿದರೆ ಸಾಕು. ಅದು ಯುವಿಬಿ ಎಂಬ ಅತಿನೇರಳೆ ಕಿರಣವನ್ನು ಶೇ 97ರಷ್ಟು ತಡೆಯುತ್ತದೆ, 50ರದ್ದು ಶೇ 98ರಷ್ಟು. ಹೆಚ್ಚು ಬೆಲೆ ಕೊಟ್ಟರೂ ಹೆಚ್ಚುವರಿಯಾಗಿ ಸಿಗುವುದು ಶೇ 1 ಮಾತ್ರ. ಎರಡು ಬೆರಳಿನುದ್ದಕ್ಕೆ ಹಿಂಡಿದಷ್ಟು ಮುಖ, ಕತ್ತಿಗೆ ಬೇಕು. ಚಿಟಿಕೆಯಷ್ಟು ಸವರಿದರೆ ಅಷ್ಟು ರಕ್ಷಣೆ ಸಿಗುವುದಿಲ್ಲ.

ನಿಮಗೆ ಬೇಕಾದ ರಕ್ಷಣೆ ನಿಮ್ಮ ಊರಿನ ಹೆಣ್ಣುಮಕ್ಕಳಿಗೆ ಆಗಲೇ ಗೊತ್ತಿದೆ. ಹತ್ತಿ ಬಿಡಿಸುವಾಗ, ನಾಟಿ ಮಾಡುವಾಗ ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಟವಲು ಸುತ್ತಿ, ಸೆರಗು ಎಳೆದುಕೊಂಡು ಇಳಿಯುತ್ತಾರಲ್ಲ, ಅದಕ್ಕಿಂತ ಒಳ್ಳೆಯ ಕವಚ ಯಾವ ಕಂಪನಿಯೂ ಮಾರುವುದಿಲ್ಲ. ಬಟ್ಟೆ ಬೆವರಿಗೆ ಅಳಿಸಿಹೋಗುವುದಿಲ್ಲ. ಒತ್ತಾಗಿ ನೇಯ್ದದ್ದು, ಬಣ್ಣ ಗಾಢವಾಗಿರುವುದು ಹೆಚ್ಚು ತಡೆಯುತ್ತದೆ. ತೆಳುವಾದ ಬಿಳಿ ಹತ್ತಿ ಬಟ್ಟೆ ಒದ್ದೆಯಾದರೆ ಕಿರಣ ಒಳಬರುತ್ತದೆ. ಗಂಡಸರು ಬನಿಯನ್ನಿನಲ್ಲೇ ದುಡಿಯುವುದನ್ನು ಬಿಟ್ಟು ಹೆಂಗಸರನ್ನು ನೋಡಿ ಕಲಿಯಬೇಕು. ರುಮಾಲು ತಲೆಯನ್ನಷ್ಟೇ ಕಾಯುತ್ತದೆ, ಕಿವಿ ಮತ್ತು ಕತ್ತಿನ ಮೇಲೂ ಇಳಿಬಿಟ್ಟುಕೊಳ್ಳಿ.

ಕ್ರೀಮು ಔಷಧದಷ್ಟೇ ಅಗತ್ಯವಾಗುವ ಮಕ್ಕಳೂ ನಮ್ಮಲ್ಲಿದ್ದಾರೆ. ಹುಟ್ಟಿನಿಂದಲೇ ಕೂದಲು, ಮೈ, ಕಣ್ಣು ಬಣ್ಣವಿಲ್ಲದಿರುವ ಆಲ್ಬಿನಿಸಂ ಇರುವವರಿಗೆ ಮೆಲನಿನ್ನಿನ ರಕ್ಷಣೆ ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ. ಇದು ತೊನ್ನಲ್ಲ, ಅಂಟುರೋಗವಲ್ಲ, ಶಾಪವಲ್ಲ. ಅಂಥವರಿಗೆ ಹರೆಯದಲ್ಲೇ ಚರ್ಮದ ಕ್ಯಾನ್ಸರ್ ಬರಬಹುದು. ಇನ್ನೂ ಅಪರೂಪವಾದದ್ದು ಜೀರೋಡರ್ಮಾ ಪಿಗ್ಮೆಂಟೋಸಮ್. ಡಿಎನ್‌ಎ ರಿಪೇರಿಯ ಶಕ್ತಿಯೇ ಕುಂದಿರುವ ಈ ಮಕ್ಕಳಿಗೆ ಎರಡು ವರ್ಷ ತುಂಬುವ ಮುಂಚೆಯೇ ಮುಖದ ತುಂಬ ಕಪ್ಪು ಚುಕ್ಕೆಗಳು ಮೂಡುತ್ತವೆ, ಬಿಸಿಲಿಗೆ ಕಣ್ಣು ಬಿಡಲಾಗುವುದಿಲ್ಲ. ಎರಡೂ ತಂದೆ ತಾಯಿ ಇಬ್ಬರಿಂದಲೂ ಬರುವ ದೋಷಗಳಾದ್ದರಿಂದ ಸೋದರಮಾವ, ಸೋದರತ್ತೆಯ ಮಗ ಎಂದು ಒಳಗೊಳಗೇ ಮದುವೆಯಾಗುವ ಮನೆತನಗಳಲ್ಲಿ ಕಾಣಿಸಿಕೊಳ್ಳುವ ಸಂಭವ ಹೆಚ್ಚು. ಇಂಥ ಮಗುವಿದ್ದರೆ ಹುಟ್ಟಿದಂದಿನಿಂದ ತುಂಬುಬಟ್ಟೆ, ಅಗಲ ಅಂಚಿನ ಟೋಪಿ, ಕಪ್ಪು ಕನ್ನಡಕ, ಸನ್‌ಸ್ಕ್ರೀನ್ ಬೇಕು. ಶಾಲೆ ಬಿಡಿಸಬೇಡಿ. ಕಿಟಕಿಯಿಂದ ದೂರ ಕೂರಿಸಲು ಶಿಕ್ಷಕರಿಗೆ ಹೇಳಿ.

ನಮ್ಮ ಸೀಮೆಯಲ್ಲಿ ಚರ್ಮದ ಕ್ಯಾನ್ಸರಿಗೆ ಬಿಸಿಲಿಗಿಂತ ದೊಡ್ಡ ಕಾರಣಗಳು ಬೇರೆ ಇವೆ. ಮೊದಲನೆಯದು ಮಾಯದ ಗಾಯ. ಬೆಂಕಿ ತಾಗಿ ಸುಟ್ಟ ಹಳೆಯ ಕಲೆ, ಸಕ್ಕರೆ ಕಾಯಿಲೆಯ ಅಥವಾ ಕುಷ್ಠರೋಗದ ಕಾಲಿನ ಹುಣ್ಣು ಹತ್ತಾರು ವರ್ಷ ಒಸರುತ್ತಿದ್ದರೆ ಅದೇ ಜಾಗ ಕ್ಯಾನ್ಸರಿಗೆ ತಿರುಗಬಹುದು. ಲಂಗದ ಲಾಡಿಯನ್ನೋ ಸೀರೆಯನ್ನೋ ಬಿಗಿಯಾಗಿ ಕಟ್ಟಿ ಸೊಂಟದ ಚರ್ಮ ಉಜ್ಜಿ ಉಜ್ಜಿ ಹುಣ್ಣಾಗಿ ಕ್ಯಾನ್ಸರ್ ಆದ ಇಬ್ಬರು ವಯಸ್ಸಾದ ಮಹಿಳೆಯರ ವಿಷಯವನ್ನು ವರ್ಧಾ ಮತ್ತು ಬಿಹಾರದ ವೈದ್ಯರು 2024ರಲ್ಲಿ ಪ್ರಕಟಿಸಿದ್ದಾರೆ. ಸೀರೆ ನೇಯುವುದಕ್ಕೇ ಹೆಸರಾದ ನಾರಾಯಣಪೇಟೆ, ಗದ್ವಾಲಿನ ಹೆಣ್ಣುಮಕ್ಕಳು ಇದನ್ನು ತಿಳಿದಿರಬೇಕು. ತಪ್ಪು ಸೀರೆಯದಲ್ಲ, ಬಿಗಿಯಾದ ಕಟ್ಟಿನದು. ಅಗಲ ಪಟ್ಟಿಯ ಲಂಗ ಉಡಿ, ಸಡಿಲವಾಗಿ ಕಟ್ಟಿ, ಮನೆಯಲ್ಲಿ ಕಟ್ಟುವ ಜಾಗವನ್ನು ಆಗಾಗ ಬದಲಿಸಿ.

ಎರಡನೆಯದು ಕುಡಿಯುವ ನೀರು. ನಿಮ್ಮ ಪಕ್ಕದ ಯಾದಗಿರಿ ಜಿಲ್ಲೆಯ ಸುರಪುರ ಭಾಗದ ಕಿರದಳ್ಳಿ ತಾಂಡಾದಲ್ಲಿ ಕೊಳವೆಬಾವಿಯ ನೀರಿನಲ್ಲಿದ್ದ ಆರ್ಸೆನಿಕ್‌ನಿಂದ ಜನರ ಚರ್ಮ ಕೆಟ್ಟು, ಕ್ಯಾನ್ಸರಿಗೂ ತಿರುಗಿದ್ದನ್ನು ಜಾದವ್‌ಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದರು. ಅದು ಮಂಗಳೂರು ಎಂಬ ಹಳ್ಳಿಯ ಸುತ್ತ ಹಿಂದೆ ಚಿನ್ನ ತೆಗೆಯುತ್ತಿದ್ದ ಬಂಡೆಗಳ ಸೀಮೆ. ಚಿನ್ನವಿರುವ ಕಲ್ಲಿನಲ್ಲಿ ಆರ್ಸೆನಿಕ್ ಇರುವುದುಂಟು. ವಿಶ್ವ ಆರೋಗ್ಯ ಸಂಸ್ಥೆ ಒಪ್ಪುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಈ ವಿಷಕ್ಕೆ ಬಣ್ಣವಿಲ್ಲ, ರುಚಿಯಿಲ್ಲ, ಕುದಿಸಿದರೂ ಹೋಗುವುದಿಲ್ಲ. ಎದೆ, ಬೆನ್ನಿನ ಮೇಲೆ ಮಳೆಹನಿಯಂಥ ಕಪ್ಪು ಬಿಳಿ ಚುಕ್ಕೆಗಳು, ಅಂಗೈ ಅಂಗಾಲುಗಳಲ್ಲಿ ಗಟ್ಟಿ ಗಂಟುಗಳು ಅದರ ಗುರುತು. ಮರಿಕಲ್ ಸೀಮೆಯಲ್ಲಿ ಇದಿದೆ ಎಂದು ನಾನು ಹೇಳುತ್ತಿಲ್ಲ. ಒಂದೇ ಬೋರಿನ ನೀರು ಕುಡಿಯುವ ಹಲವರಲ್ಲಿ ಇಂಥ ಗುರುತು ಕಂಡರೆ ಮುಲಾಮು ಹಚ್ಚುತ್ತಾ ಕೂರಬೇಡಿ. ಆ ನೀರು ಕುಡಿಯುವುದನ್ನು ನಿಲ್ಲಿಸಿ, ಪರೀಕ್ಷೆಗೆ ಕೊಡಿ.

ಆದ್ದರಿಂದ ನನ್ನ ಮಾತು ಇಷ್ಟೇ. ಬಿಸಿಲಿಗೆ ಬಟ್ಟೆ ಮತ್ತು ನೆರಳು ಸಾಕು, ವಿಡಿಯೊ ನೋಡಿ ಹೆದರಿ ಸಾಲ ಮಾಡಿ ಕ್ರೀಮು ಕೊಳ್ಳಬೇಡಿ. ಆ ಭಯವನ್ನು ಬಿಟ್ಟು, ಗಮನವನ್ನು ಮಾತ್ರ ಇಟ್ಟುಕೊಳ್ಳಿ. ನಮ್ಮವರಲ್ಲಿ ಚರ್ಮದ ಕ್ಯಾನ್ಸರ್ ಅಪರೂಪವೆಂದೇ ಯಾರೂ ನೋಡಿಕೊಳ್ಳುವುದಿಲ್ಲ, ನೋಡದೆಯೇ ತಡವಾಗುತ್ತದೆ. ತಿಂಗಳಿಗೊಮ್ಮೆ ಮನೆಯ ಹಿರಿಯರ ಅಂಗಾಲು, ಬೆರಳ ಸಂದಿ, ಬೆನ್ನು, ಸೊಂಟ, ಹಳೆಯ ಸುಟ್ಟಕಲೆಗಳನ್ನು ಹಗಲ ಬೆಳಕಿನಲ್ಲಿ ನೋಡಿ. ಒಂದು ತಿಂಗಳಾದರೂ ಮಾಯದ ಹುಣ್ಣು, ಮುಟ್ಟಿದರೆ ರಕ್ತ ಬರುವ ಗಂಟು, ಬದಲಾಗುತ್ತಿರುವ ಮಚ್ಚೆ ಕಂಡರೆ ನೋವಿಲ್ಲವೆಂದು ಸುಮ್ಮನಿರಬೇಡಿ. ಚರ್ಮದ ಕ್ಯಾನ್ಸರ್ ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ಆಗಲೇ ತೋರಿಸಿದರೆ ಹೆಚ್ಚಿನವು ಒಂದು ಸಣ್ಣ ಶಸ್ತ್ರಚಿಕಿತ್ಸೆಯಲ್ಲಿ ಪೂರ್ತಿ ವಾಸಿಯಾಗುತ್ತವೆ.