ಯಾವುದರ ಶೇಕಡಾ? ನವೋದಯ ಪ್ರವೇಶ ಪರೀಕ್ಷೆಯ ಶೇಕಡಾ ಮತ್ತು ಅನುಪಾತದ ಲೆಕ್ಕಗಳು

(ಎಂಟನೆಯ ತರಗತಿಯ ವಿದ್ಯಾರ್ಥಿಗಳಿಗೆ ಹಾಗೂ ಗಣಿತ ಶಿಕ್ಷಕರಿಗೆ ಅಭ್ಯಾಸ ಲೇಖನ)

ಜವಾಹರ ನವೋದಯ ವಿದ್ಯಾಲಯಗಳಲ್ಲಿ ಒಂಬತ್ತನೆಯ ತರಗತಿಯ ಖಾಲಿ ಸ್ಥಾನಗಳಿಗೆ ನಡೆಯುವ ಪ್ರವೇಶ ಪರೀಕ್ಷೆಯನ್ನು ಎಂಟನೆಯ ತರಗತಿಯಲ್ಲಿ ಓದುತ್ತಿರುವ ಮಕ್ಕಳು ಬರೆಯಬಹುದು. ಎರಡೂವರೆ ಗಂಟೆಯ ಈ ಪರೀಕ್ಷೆಗೆ ಒಟ್ಟು 100 ಅಂಕ. ಅದರಲ್ಲಿ ಗಣಿತಕ್ಕೆ 35, ವಿಜ್ಞಾನಕ್ಕೆ 35, ಇಂಗ್ಲಿಷ್ ಮತ್ತು ಹಿಂದಿಗೆ ತಲಾ 15. ಪ್ರಶ್ನೆಪತ್ರಿಕೆಯು ಇಂಗ್ಲಿಷ್ ಮತ್ತು ಹಿಂದಿಯಲ್ಲಿರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಗ್ರಾಮೀಣ ಶಾಲೆಗಳ ಮಕ್ಕಳಿಗೆ ಎದುರಾಗುವ ನಿಜವಾದ ತೊಡಕು ಇಲ್ಲಿದೆ. ಗುಣಾಕಾರ, ಭಾಗಾಕಾರ ಚೆನ್ನಾಗಿ ಬಲ್ಲ ಮಗುವೂ ಶೇಕಡಾ ಲೆಕ್ಕದಲ್ಲಿ ತಪ್ಪುತ್ತದೆ. ತಪ್ಪು ಲೆಕ್ಕ ಮಾಡುವಾಗ ಆಗುವುದಕ್ಕಿಂತ ಮೊದಲೇ, ವಾಕ್ಯವನ್ನು ಓದುವಾಗ ಆಗಿರುತ್ತದೆ.

ಶೇಕಡಾ ಎಂದರೆ ನೂರಕ್ಕೆ ಇಷ್ಟು. ಆದ್ದರಿಂದ ಯಾವುದೇ ಪ್ರಶ್ನೆಯನ್ನು ಓದಿದಾಗ ಮೊದಲು ಕೇಳಿಕೊಳ್ಳಬೇಕಾದುದು ಒಂದೇ: ಇಲ್ಲಿ ನೂರು ಯಾವುದು? ಯಾವ ಪರಿಮಾಣವನ್ನು ನೂರೆಂದು ಇಟ್ಟುಕೊಂಡಿದ್ದಾರೆ? ಅದನ್ನು ಆಧಾರವೆಂದು ಕರೆಯೋಣ. ಕನ್ನಡದಲ್ಲಿ ಆಧಾರವನ್ನು ಗುರುತಿಸಲು ವ್ಯಾಕರಣವೇ ನೆರವಾಗುತ್ತದೆ. "ರವಿಗಿಂತ ಮೀನಾ ಶೇ 20ರಷ್ಟು ಹೆಚ್ಚು ಅಂಕ ಪಡೆದಳು" ಎಂಬ ವಾಕ್ಯದಲ್ಲಿ "ಗಿಂತ" ಯಾವ ಪದಕ್ಕೆ ಅಂಟಿಕೊಂಡಿದೆಯೋ ಅದೇ ನೂರು. ರವಿಗೆ 100 ಆದರೆ ಮೀನಾಳಿಗೆ 120. "ಸಂಬಳದ ಶೇ 15" ಎಂದಾಗ ಷಷ್ಠೀ ವಿಭಕ್ತಿಯ ಪದ ನೂರಾಗುತ್ತದೆ. "ಹುಡುಗಿಯರಲ್ಲಿ ಶೇ 25" ಎಂದಾಗ "ಅಲ್ಲಿ" ಸೇರಿದ ಪದ ನೂರಾಗುತ್ತದೆ. ಕನ್ನಡದಲ್ಲಿ ಆಧಾರವು ಸಾಮಾನ್ಯವಾಗಿ ಶೇಕಡಾ ಪದಕ್ಕಿಂತ ಮೊದಲೇ ಬಂದು ನಿಲ್ಲುತ್ತದೆ.

ಇಂಗ್ಲಿಷಿನಲ್ಲಿ ಈ ಕ್ರಮ ತಿರುಗುಮುರುಗಾಗುತ್ತದೆ. ಅದೇ ವಾಕ್ಯ ಅಲ್ಲಿ "ಮೀನಾ ಸ್ಕೋರ್ಡ್ 20 ಪರ್ಸೆಂಟ್ ಮೋರ್ ದ್ಯಾನ್ ರವಿ" ಎಂದಿರುತ್ತದೆ. ಮೊದಲು ಕಂಡ ಮೀನಾಳನ್ನೇ ನೂರೆಂದು ಹಿಡಿಯುವುದು ನಮ್ಮ ಮಕ್ಕಳ ಅಭ್ಯಾಸ. ಆದರೆ ಇಂಗ್ಲಿಷಿನಲ್ಲಿ "ದ್ಯಾನ್" ಮತ್ತು "ಆಫ್" ಎಂಬ ಪದಗಳ ನಂತರ ಬರುವುದೇ ಆಧಾರ. ಪ್ರಶ್ನೆಪತ್ರಿಕೆಯಲ್ಲಿ ಈ ಎರಡು ಪದಗಳು ಕಂಡೊಡನೆ ಅವುಗಳ ಮುಂದಿನ ಪದಕ್ಕೆ ಪೆನ್ಸಿಲಿನಿಂದ ಅಡಿಗೆರೆ ಎಳೆಯುವ ರೂಢಿಯನ್ನು ಶಿಕ್ಷಕರು ಮಾಡಿಸಬೇಕು. "ವಾಟ್ ಪರ್ಸೆಂಟ್ ಆಫ್ 80 ಈಸ್ 60" ಎಂದರೆ 80 ನೂರಾಗುತ್ತದೆ, ಉತ್ತರ ಶೇ 75. 80 ಮತ್ತು 60 ಸ್ಥಳ ಬದಲಾಯಿಸಿದರೆ ಉತ್ತರ ಶೇ 133⅓ ಆಗುತ್ತದೆ. ನಾಲ್ಕು ಆಯ್ಕೆಗಳಲ್ಲಿ ಈ ಎರಡೂ ಇರುವ ಸಂಭವವೇ ಹೆಚ್ಚು.

"ಬೈ" ಮತ್ತು "ಟು" ಎಂಬ ಇನ್ನೊಂದು ಜೋಡಿಯೂ ಇದೆ. 80ನ್ನು ಶೇ 20ರಷ್ಟು ಇಳಿಸಿದರೆ 64 ಉಳಿಯುತ್ತದೆ. ಇಂಗ್ಲಿಷಿನಲ್ಲಿ ಅದು "ರೆಡ್ಯೂಸ್ಡ್ ಬೈ". ಅದನ್ನೇ ಶೇ 20ಕ್ಕೆ ಇಳಿಸಿದರೆ ಉಳಿಯುವುದು 16. ಅದು "ರೆಡ್ಯೂಸ್ಡ್ ಟು". ಕನ್ನಡದ "ರಷ್ಟು" ಮತ್ತು "ಕ್ಕೆ" ಎಂಬ ಎರಡು ರೂಪಗಳನ್ನು ಕಪ್ಪುಹಲಗೆಯ ಮೇಲೆ ಅಕ್ಕಪಕ್ಕ ಬರೆದು ತೋರಿಸಿದರೆ ಮಕ್ಕಳು ಬೇಗ ಗ್ರಹಿಸುತ್ತಾರೆ.

ಈಗ ಆಧಾರವು ಲೆಕ್ಕದ ನಡುವೆಯೇ ಬದಲಾಗುವ ಪ್ರಶ್ನೆಗಳನ್ನು ನೋಡೋಣ. ಟೊಮೇಟೊ ಬೆಲೆ ಕಿಲೋಗೆ 40 ರೂಪಾಯಿಯಿಂದ 50 ರೂಪಾಯಿಗೆ ಏರಿತು. ಏರಿಕೆ 10 ರೂಪಾಯಿ; ಹಳೆಯ ಬೆಲೆ 40 ಆಧಾರ; ಆದ್ದರಿಂದ ಶೇ 25. ಬೆಲೆ ಮತ್ತೆ 40ಕ್ಕೆ ಬರಬೇಕಾದರೆ ಶೇ 25 ಇಳಿದರೆ ಸಾಕಲ್ಲವೇ ಎಂದು ಮಗು ಕೇಳುತ್ತದೆ. ಇಳಿಕೆಯೂ 10 ರೂಪಾಯಿಯೇ ಹೌದು. ಆದರೆ ಈಗ ಆಧಾರ 50. 50ಕ್ಕೆ 10 ಎಂದರೆ ಶೇ 20. ರೂಪಾಯಿ ಒಂದೇ ಆದರೂ ನೂರು ಬೇರೆಯಾದುದರಿಂದ ಶೇಕಡಾ ಬೇರೆಯಾಯಿತು. ಈ ಒಂದು ಉದಾಹರಣೆಯನ್ನು ಅರ್ಧ ಅವಧಿ ಚರ್ಚಿಸಿದರೂ ನಷ್ಟವಿಲ್ಲ; ಹತ್ತು ಸೂತ್ರಗಳನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಅದು ಲೇಸು.

ಲಾಭ ಮತ್ತು ರಿಯಾಯಿತಿಯ ಲೆಕ್ಕಗಳಲ್ಲಿ ಕಾಣುವುದೂ ಇದೇ. ಅಂಗಡಿಯವನೊಬ್ಬ 500 ರೂಪಾಯಿಗೆ ಕೊಂಡ ವಸ್ತುವಿನ ಮೇಲೆ ಶೇ 40 ಹೆಚ್ಚಿಸಿ ಬೆಲೆ ನಮೂದಿಸಿ, ನಂತರ ಶೇ 25 ರಿಯಾಯಿತಿ ಕೊಟ್ಟನೆಂದಿಟ್ಟುಕೊಳ್ಳಿ. 40ರಲ್ಲಿ 25 ಕಳೆದು ಶೇ 15 ಲಾಭ ಎಂದು ಬರೆಯುವವರೇ ಬಹಳ. ಮೊದಲ ಶೇಕಡಾದ ಆಧಾರ ಕೊಂಡ ಬೆಲೆ, ಎರಡನೆಯದರ ಆಧಾರ ನಮೂದಿಸಿದ ಬೆಲೆ. ಆಧಾರ ಬೇರೆಯಾದ ಶೇಕಡಾಗಳನ್ನು ಕೂಡಲೂ ಬಾರದು, ಕಳೆಯಲೂ ಬಾರದು. ನಮೂದಿತ ಬೆಲೆ 700. ಅದರ ಶೇ 25 ಅಂದರೆ 175. ಮಾರಿದ ಬೆಲೆ 525. ಲಾಭ 25 ರೂಪಾಯಿ. ಲಾಭದ ಆಧಾರ ಸದಾ ಕೊಂಡ ಬೆಲೆಯೇ ಆದುದರಿಂದ ಲಾಭ ಶೇ 5 ಮಾತ್ರ.

ಚಕ್ರಬಡ್ಡಿಯನ್ನು ಪ್ರತ್ಯೇಕ ಪಾಠವೆಂದು ಹೆದರಬೇಕಿಲ್ಲ. 10,000 ರೂಪಾಯಿಗೆ ವರ್ಷಕ್ಕೆ ಶೇ 10ರಂತೆ ಎರಡು ವರ್ಷಕ್ಕೆ ಸರಳಬಡ್ಡಿ 2,000, ಚಕ್ರಬಡ್ಡಿ 2,100. ಎರಡನೆಯ ವರ್ಷದ ಆಧಾರ 11,000 ಆಯಿತು ಎಂಬುದಷ್ಟೇ ವ್ಯತ್ಯಾಸ. ಹೆಚ್ಚುವರಿ 100 ರೂಪಾಯಿ ಮೊದಲ ವರ್ಷದ ಬಡ್ಡಿಗೆ ಬಂದ ಬಡ್ಡಿ.

ಒಳಗೊಂದು ಶೇಕಡಾ ಇರುವ ಪ್ರಶ್ನೆಗಳಲ್ಲಿ ಕೊನೆಯಿಂದ ಹಿಂದಕ್ಕೆ ನಡೆಯುವುದು ಒಳ್ಳೆಯದು. ಶಾಲೆಯೊಂದರ ವಿದ್ಯಾರ್ಥಿಗಳಲ್ಲಿ ಶೇ 60 ಹುಡುಗಿಯರು. ಹುಡುಗಿಯರಲ್ಲಿ ಶೇ 25 ಮಂದಿ ಬಸ್ಸಿನಲ್ಲಿ ಬರುತ್ತಾರೆ. ಬಸ್ಸಿನಲ್ಲಿ ಬರುವ ಹುಡುಗಿಯರು 45. ಒಟ್ಟು ವಿದ್ಯಾರ್ಥಿಗಳೆಷ್ಟು? 45 ಎಂಬುದು ಹುಡುಗಿಯರ ಕಾಲು ಭಾಗ, ಆದ್ದರಿಂದ ಹುಡುಗಿಯರು 180. ಆ 180 ಒಟ್ಟಿನ ಶೇ 60. ಶೇ 10 ಎಂದರೆ 30, ಒಟ್ಟು 300.

ಅನುಪಾತದಲ್ಲಿಯೂ ಆಧಾರದ ಪ್ರಶ್ನೆಯೇ ಬೇರೊಂದು ರೂಪದಲ್ಲಿ ಬರುತ್ತದೆ. ಹುಡುಗರು ಮತ್ತು ಹುಡುಗಿಯರ ಅನುಪಾತ 3:5 ಎಂದಾಗ ಹುಡುಗರು ಒಟ್ಟಿನ ಐದನೆಯ ಮೂರು ಭಾಗವಲ್ಲ, ಎಂಟನೆಯ ಮೂರು ಭಾಗ. ಭಾಗಕ್ಕೂ ಭಾಗಕ್ಕೂ ಇರುವ ಹೋಲಿಕೆ ಒಂದು, ಭಾಗಕ್ಕೂ ಒಟ್ಟಿಗೂ ಇರುವ ಹೋಲಿಕೆ ಇನ್ನೊಂದು. ಹುಡುಗಿಯರು 24 ಮಂದಿ ಹೆಚ್ಚಿದ್ದರೆ, ಎರಡು ಪಾಲು 24, ಒಂದು ಪಾಲು 12, ಒಟ್ಟು ಎಂಟು ಪಾಲು 96. ಪಾಲು ಎಂಬ ಪದವನ್ನೇ ಬಳಸಿ. ಅಣ್ಣತಮ್ಮಂದಿರ ನಡುವೆ ಪಾಲಾಗುವುದನ್ನು ಮನೆಯಲ್ಲಿ ಕಂಡ ಮಗುವಿಗೆ ಅದು ಪರಿಚಿತ. ಅನುಪಾತದ ಪದಗಳ ಕ್ರಮ ವಾಕ್ಯದ ಕ್ರಮದಂತೆಯೇ ಇರಬೇಕೆಂಬುದನ್ನೂ ನೆನಪಿಸಿರಿ.

ಮಿಶ್ರಣದ ಲೆಕ್ಕದಲ್ಲಿ ಯಾವುದು ಬದಲಾಗುವುದಿಲ್ಲವೋ ಅದನ್ನು ಹಿಡಿದುಕೊಳ್ಳಬೇಕು. 40 ಲೀಟರ್ ಮಿಶ್ರಣದಲ್ಲಿ ಹಾಲು ಮತ್ತು ನೀರು 7:1. ಅನುಪಾತ 7:3 ಆಗಲು ಇನ್ನೆಷ್ಟು ನೀರು ಬೆರೆಸಬೇಕು? ಈಗ ಹಾಲು 35, ನೀರು 5. ಹಾಲಿನ ಪ್ರಮಾಣ ಬದಲಾಗದು. ಹೊಸ ಅನುಪಾತದಲ್ಲಿ ಏಳು ಪಾಲು 35, ಆದ್ದರಿಂದ ನೀರಿನ ಮೂರು ಪಾಲು 15. ಬೆರೆಸಬೇಕಾದುದು 10 ಲೀಟರ್.

ವಿಲೋಮ ಅನುಪಾತಕ್ಕೆ ಒಂದೇ ಎಚ್ಚರಿಕೆ: ಒಂದು ಹೆಚ್ಚಿದರೆ ಇನ್ನೊಂದು ಹೆಚ್ಚುವುದೋ ಕಡಿಮೆಯಾಗುವುದೋ ಎಂದು ಮೊದಲೇ ನಿರ್ಧರಿಸಿರಿ. 12 ಆಳುಗಳು 15 ದಿನದಲ್ಲಿ ಮುಗಿಸುವ ಕೆಲಸವನ್ನು 20 ಆಳುಗಳು 9 ದಿನದಲ್ಲಿ ಮುಗಿಸುತ್ತಾರೆ. 25 ಎಂಬ ಉತ್ತರ ಬಂದರೆ ಅದು ಅಸಂಬದ್ಧವೆಂದು ಮಗುವಿಗೇ ತೋರಬೇಕು.

ನವೋದಯದ ನಿಯಮಗಳಲ್ಲಿಯೇ ಒಂದು ಸೊಗಸಾದ ಲೆಕ್ಕ ಅಡಗಿದೆ. ಆರನೆಯ ತರಗತಿಯ ಪ್ರವೇಶದಲ್ಲಿ ಒಂದು ವಿದ್ಯಾಲಯಕ್ಕೆ ಗರಿಷ್ಠ 80 ಮಕ್ಕಳು. ಕನಿಷ್ಠ ಶೇ 75 ಸ್ಥಾನಗಳು ಗ್ರಾಮೀಣ ಮಕ್ಕಳಿಗೆ, ಕನಿಷ್ಠ ಮೂರನೆಯ ಒಂದು ಭಾಗ ಹೆಣ್ಣುಮಕ್ಕಳಿಗೆ. 80 ಸ್ಥಾನಗಳೂ ತುಂಬಿದರೆ ಗ್ರಾಮೀಣರು ಕನಿಷ್ಠ 60. ಹೆಣ್ಣುಮಕ್ಕಳು 26⅔, ಮಕ್ಕಳನ್ನು ಭಿನ್ನರಾಶಿಯಲ್ಲಿ ಎಣಿಸಲಾಗದು, ಆದ್ದರಿಂದ ಕನಿಷ್ಠ 27. ಎರಡನ್ನೂ ಕೂಡಿದರೆ 87, ಒಟ್ಟು ಸ್ಥಾನಗಳಿಗಿಂತ ಹೆಚ್ಚು! ಎರಡೂ ಲೆಕ್ಕದ ಆಧಾರ ಅದೇ 80. ಗ್ರಾಮೀಣ ಹೆಣ್ಣುಮಗಳು ಎರಡರಲ್ಲಿಯೂ ಸೇರುತ್ತಾಳೆ. ಹಾಗಾದರೆ ಗ್ರಾಮೀಣ ಹೆಣ್ಣುಮಕ್ಕಳು ಕನಿಷ್ಠ ಎಷ್ಟಿರಬೇಕು? 87ರಲ್ಲಿ 80 ಕಳೆದರೆ 7. ಈ ಪ್ರಶ್ನೆಯನ್ನು ಉತ್ತರ ಹೇಳದೆ ತರಗತಿಯಲ್ಲಿ ಕೇಳಿ ನೋಡಿರಿ.

ಸಮಯದ ಬಗ್ಗೆ ಒಂದು ಮಾತು. 150 ನಿಮಿಷಕ್ಕೆ 100 ಪ್ರಶ್ನೆಗಳು, ಅಂದರೆ ಪ್ರಶ್ನೆಗೆ ಒಂದೂವರೆ ನಿಮಿಷ. ಆಧಾರಕ್ಕೆ ಅಡಿಗೆರೆ ಎಳೆಯಲು ಐದು ಸೆಕೆಂಡು ಸಾಕು. 12½, 33⅓, 37½, 62½ ಇವುಗಳನ್ನು ಕ್ರಮವಾಗಿ 1/8, 1/3, 3/8, 5/8 ಎಂದು ಕಂಡೊಡನೆ ಗುರುತಿಸುವ ಮಗುವಿಗೆ ಆ ಸಮಯ ಎಷ್ಟೋ ಪಾಲು ಮರಳಿ ಸಿಗುತ್ತದೆ.

ಅಭ್ಯಾಸಕ್ಕೆ ನಾಲ್ಕು ಪ್ರಶ್ನೆಗಳನ್ನು ಕೊಟ್ಟಿದೆ. ಪ್ರತಿಯೊಂದರಲ್ಲಿಯೂ ಉತ್ತರಕ್ಕೆ ಮೊದಲು ಆಧಾರ ಅಥವಾ ಬದಲಾಗದ ಪರಿಮಾಣ ಯಾವುದೆಂದು ಬರೆಯಿಸಬೇಕು.

1. ಒಂದು ಸಂಖ್ಯೆಯ ಶೇ 30ಕ್ಕೆ 42 ಸೇರಿಸಿದರೆ ಅದೇ ಸಂಖ್ಯೆಯ ಶೇ 65 ಆಗುತ್ತದೆ. ಆ ಸಂಖ್ಯೆ ಯಾವುದು?
2. ಸಕ್ಕರೆಯ ಬೆಲೆ ಶೇ 25 ಏರಿದೆ. ಖರ್ಚು ಹೆಚ್ಚಾಗದಿರಬೇಕಾದರೆ ಬಳಕೆಯನ್ನು ಶೇ ಎಷ್ಟು ತಗ್ಗಿಸಬೇಕು?
3. ತಂದೆ ಮತ್ತು ಮಗಳ ವಯಸ್ಸಿನ ಅನುಪಾತ 7:2. ವ್ಯತ್ಯಾಸ 30 ವರ್ಷ. ಆರು ವರ್ಷಗಳ ನಂತರ ಅನುಪಾತವೆಷ್ಟು?
4. 800 ರೂಪಾಯಿ ನಮೂದಿಸಿದ ವಸ್ತುವನ್ನು ಶೇ 15 ರಿಯಾಯಿತಿಯಲ್ಲಿ ಮಾರಿದರೂ ಶೇ 36 ಲಾಭವಾಯಿತು. ಕೊಂಡ ಬೆಲೆ ಎಷ್ಟು?

ಉತ್ತರಗಳು: 1) 120, 2) ಶೇ 20, 3) 8:3, 4) 500 ರೂಪಾಯಿ.