ಪ್ರಸಾರ ಮತ್ತು ಹೊತ್ತಿನ ಹಂಚಿಕೆ

ಮುಂಜಾನೆ ಬಂದ ಪತ್ರಿಕೆಯನ್ನು ಸಂಜೆಯೂ ಓದಬಹುದು. ಬಾನುಲಿಯ ಮಾತಾದರೋ ಪ್ರಸಾರವಾದ ಕ್ಷಣವೇ ಕಿವಿಗೆ ಬೀಳಬೇಕು. ಆದುದರಿಂದ ಪ್ರಸಾರ ಕೇಂದ್ರದವರು ಏನನ್ನು ಹೇಳಬೇಕೆಂಬುದರೊಡನೆ, ಯಾರಿಗೆ ಯಾವಾಗ ಬಿಡುವೆಂಬುದನ್ನೂ ಯೋಚಿಸಬೇಕಾಗುತ್ತದೆ. ಮುಂಜಾನೆ ಭಕ್ತಿಗೀತೆ ಮತ್ತು ವಾರ್ತೆ, ನಡುಹಗಲು ಗೃಹಿಣಿಯರ ಕಾರ್ಯಕ್ರಮ, ಸಂಜೆ ಹೊಲದಿಂದ ಮರಳಿದ ರೈತನಿಗೆ ಕೃಷಿಯ ವಿಚಾರ, ರಾತ್ರಿ ನಾಟಕ ಮತ್ತು ಸಂಗೀತ: ಆಕಾಶವಾಣಿಯ ದಿನಚರಿಯು ಇಂತಹ ಯೋಚನೆಯಿಂದಲೇ ರೂಪುಗೊಂಡಿತು.

ಇದಕ್ಕೊಂದು ಉತ್ತಮ ನಿದರ್ಶನವು 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ‘ಸೈಟ್’ ಎಂಬ ದೂರದರ್ಶನ ಪ್ರಯೋಗ. ಅಮೆರಿಕೆಯ ಎ.ಟಿ.ಎಸ್.-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ತಲುಪಿಸಲಾಯಿತು. ಕರ್ನಾಟಕದ ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿದ್ದವು. ದಿನಕ್ಕೆ ದೊರೆತ ಕಾಲ ಕೇವಲ ನಾಲ್ಕು ಗಂಟೆ. ಮಕ್ಕಳು ಶಾಲೆಯಲ್ಲಿರುವ ಬೆಳಗಿಗೆ ಒಂದೂವರೆ ಗಂಟೆಯನ್ನೂ, ದುಡಿದವರು ಮನೆಗೆ ಮರಳುವ ಸಂಜೆಗೆ ಎರಡೂವರೆ ಗಂಟೆಯನ್ನೂ ಮೀಸಲಿಟ್ಟರು. ಬೆಳಗಿನ 90 ನಿಮಿಷಗಳನ್ನು ಹಿಂದಿ, ಕನ್ನಡ, ಒಡಿಯಾ, ತೆಲುಗು ಎಂಬ ನಾಲ್ಕು ಭಾಷೆಗಳಿಗೆ ಹಂಚಿದಾಗ ಒಂದೊಂದಕ್ಕೆ ಬಂದ ಪಾಲು 22½ ನಿಮಿಷ. ರಾಯಚೂರು ಸೀಮೆಯ ಹಳ್ಳಿಯ ಮಗುವಿಗೆ ತನ್ನ ನುಡಿಯಲ್ಲಿ ಪಾಠ ದೊರೆತುದು ಅಷ್ಟು ಹೊತ್ತು ಮಾತ್ರ. ವೇಳಾಪತ್ರಿಕೆಯೆಂದರೆ ಬರಿಯ ಗಡಿಯಾರದ ಲೆಕ್ಕವಲ್ಲ, ಅದು ಪಾಲು ಹಂಚುವ ನ್ಯಾಯವೂ ಹೌದೆಂಬುದು ಇದರಿಂದ ವಿದಿತವಾಗುತ್ತದೆ.

ಆದರೆ ಎಲ್ಲರ ದಿನವೂ ಒಂದೇ ಬಗೆಯದಲ್ಲ. ನಮ್ಮ ಠಾಕುರ್ಲಿಯಲ್ಲಿ ಒಬ್ಬರು ನಸುಕಿನ ಲೋಕಲ್ ಗಾಡಿ ಹಿಡಿಯುವಾಗ ಇನ್ನೊಬ್ಬರು ರಾತ್ರಿಪಾಳಿ ಮುಗಿಸಿ ಅದೇ ನಿಲ್ದಾಣದಲ್ಲಿ ಇಳಿಯುತ್ತಾರೆ. ರಾತ್ರಿ ಎಂಟು ಗಂಟೆಯೆಂಬುದು ತಾಯಿಗೆ ಅಡಿಗೆಯ ಹೊತ್ತು, ತಂದೆಗೆ ಗಾಡಿಯಲ್ಲಿ ನಿಂತಿರುವ ಹೊತ್ತು, ವಿದ್ಯಾರ್ಥಿಗೆ ಓದಿನ ಹೊತ್ತು. ಆದರೂ ಹೆಚ್ಚು ಜನರು ಮನೆಯಲ್ಲಿರುವ ಕಾಲ ಅದೇ ಆದುದರಿಂದ ಜಾಹೀರಾತುದಾರರು ಆ ವೇಳೆಗೆ ಅಧಿಕ ಬೆಲೆ ತೆರುತ್ತಾರೆ. ದೂರದರ್ಶನ ವಾಹಿನಿಗಳು ಮನಸೆಳೆಯುವ ಧಾರಾವಾಹಿಗಳನ್ನು ಆಗಲೇ ಇಡುತ್ತವೆ. ಒಂದೇ ಕೋಣೆಯ ಮನೆಯಲ್ಲಿ ಪುಸ್ತಕ ಹಿಡಿದ ಮಗು ಆ ಹೊತ್ತಿನಲ್ಲಿ ಎಲ್ಲಿಗೆ ಹೋಗಬೇಕು? ವಾಹಿನಿಯವರ ಲೆಕ್ಕದಲ್ಲಿ ಅದು ವೀಕ್ಷಕ, ವಿದ್ಯಾರ್ಥಿಯಲ್ಲ.

ಇಂದು ಮೊಬೈಲಿನಲ್ಲಿ ಬಹಳಷ್ಟು ಕಾರ್ಯಕ್ರಮಗಳನ್ನು ಬೇಕೆಂದಾಗ ನೋಡಬಹುದು. ಹೊತ್ತನ್ನು ಹಂಚುವ ಅಧಿಕಾರವು ಕೇಂದ್ರದವರಿಂದ ನಮ್ಮ ಕೈಗೆ ಬಂದಿದೆ. ಅಧಿಕಾರದೊಡನೆ ಹೊಣೆಯೂ ಬಂದಿದೆ. ವೇಳೆಯ ಮಿತಿಯನ್ನು ನಾವೇ ಹಾಕಿಕೊಳ್ಳದಿದ್ದರೆ ನಿದ್ದೆಯ ಪಾಲನ್ನೂ ಪಾಠದ ಪಾಲನ್ನೂ ಅದು ನುಂಗಿಬಿಡುತ್ತದೆ.

ವಿದ್ಯಾರ್ಥಿಗಳೇ, ನಿಮ್ಮ ಮನೆಯವರ ಒಂದು ದಿನದ ವೇಳಾಪತ್ರಿಕೆಯನ್ನು ಬರೆಯಿರಿ. ಯಾರು ಯಾವಾಗ ದುಡಿಯುತ್ತಾರೆ, ಯಾವಾಗ ವಿಶ್ರಮಿಸುತ್ತಾರೆ ಎಂಬುದನ್ನು ಗುರುತಿಸಿರಿ. ಓದಿಗೆ ಸದ್ದಿಲ್ಲದ ಒಂದು ಗಂಟೆಯನ್ನು ಹಿರಿಯರಲ್ಲಿ ಕೇಳಿ ಪಡೆಯಿರಿ. ಎಲ್ಲರೂ ಕೂಡಿರುವ ಅರ್ಧ ಗಂಟೆ ಸಿಕ್ಕಿದರೆ ಅದನ್ನು ಯಾವ ಯಂತ್ರಕ್ಕೂ ಕೊಡದೆ, ಮನೆಮಂದಿಯ ಕನ್ನಡದ ಮಾತುಕತೆಗೆ ಮೀಸಲಿಡಿರಿ.